ಲಾಡಿ ಕಟ್ಟುವ ಜಾಗ

ಕಾದ ಹಂಚಿನ ಮೇಲಿನ ರೊಟ್ಟಿಗೆ ಒದ್ದೆ ಅರಿವೆಯಿಂದ ನೀರು ಸವರಿದಾಗ ಒಂದು ವಾಸನೆ ಏಳುತ್ತದೆ. ಹಿಟ್ಟಿನದೂ ಅಲ್ಲ, ಹೊಗೆಯದೂ ಅಲ್ಲ. ಆವಿಯಲ್ಲಿ ನೆನೆದ ಹಳೇ ಬಟ್ಟೆಯ ವಾಸನೆ ಅದು. ಜೋಳದ ರೊಟ್ಟಿ ತಿಂದು ಬೆಳೆದವರಿಗೆ ಇಷ್ಟು ಹೇಳಿದರೆ ಸಾಕು. ಕಳೆದ ತಿಂಗಳು ಟಿಕೋಟಾದ ಕಾಲೇಜೊಂದಕ್ಕೆ ಪ್ರಾಯೋಗಿಕ ಪರೀಕ್ಷೆ ನಡೆಸಲು ಹೋಗಿದ್ದೆ. ಮಧ್ಯಾಹ್ನ ಬಸ್ ನಿಲ್ದಾಣದ ಹತ್ತಿರದ ಖಾನಾವಳಿಯಲ್ಲಿ ಊಟಕ್ಕೆ ಕುಳಿತಾಗ ಒಳಗಿನಿಂದ ಆ ವಾಸನೆ ಬಂತು. ತಟ್ಟೆಗೆ ಪಲ್ಯ ಬಡಿಸಿಯಾಗಿತ್ತು. ನಾನು ಎದ್ದು ಹೊರಗೆ ಬಂದುಬಿಟ್ಟೆ. ಬಡಿಸುತ್ತಿದ್ದ ಹೆಂಗಸು ಬಾಗಿಲವರೆಗೂ ಹಿಂದೆ ಬಂದು, "ಯಾಕ್ರಿ ಅಕ್ಕಾರ, ಪಲ್ಯಾ ಖಾರ ಆಗೈತೇನ್ರಿ?" ಎಂದು ಕೇಳಿದಳು. ಪಾಪ, ಅವಳಿಗೆ ಏನೆಂದು ಹೇಳಲಿ? ಹೊಟ್ಟೆ ಸರಿಯಿಲ್ಲ ಎಂದು ಸುಳ್ಳು ಹೇಳಿ ಬಸ್ಸು ಹತ್ತಿದೆ.

ಬಸ್ಸಿನಲ್ಲಿ ಕುಳಿತಲ್ಲಿ ಕೂರಲಾಗಲಿಲ್ಲ. ಎರಡು ಸಲ ಸೀಟು ಬದಲಿಸಿದೆ. ರಸ್ತೆಯ ಎರಡೂ ಬದಿಗೆ ದ್ರಾಕ್ಷಿ ತೋಟಗಳು ಹಿಂದೆ ಸರಿಯುತ್ತಿದ್ದವು, ನಾನು ಮಾತ್ರ ವರ್ಷಗಳ ಹಿಂದಿನ ಒಂದು ಓಣಿಯ ಮನೆಯಲ್ಲಿದ್ದೆ. ಈ ಕಳವಳ ನನಗೆ ಹೊಸದಲ್ಲ. ಇಷ್ಟು ವರ್ಷ ಅದನ್ನು ಕೆಲಸದ ಅಡಿಯಲ್ಲಿ ಹಾಕಿ ಮುಚ್ಚಿಟ್ಟಿದ್ದೆ, ಅಷ್ಟೇ.

ಆ ಮನೆಯವಳನ್ನು ನಾವೆಲ್ಲ ಖಾನಾವಳಿ ಅವ್ವ ಎನ್ನುತ್ತಿದ್ದೆವು. ವಿಜಯಪುರದ ಸೊಲ್ಲಾಪುರ ರಸ್ತೆಯಲ್ಲಿ ಗ್ಯಾರೇಜು, ಟೈರಿನ ಅಂಗಡಿಗಳ ಸಾಲು ದಾಟಿ ಒಂದು ಓಣಿಗೆ ತಿರುಗಿದರೆ ಅವಳ ಮನೆ. ಬೋರ್ಡು ಗೀರ್ಡು ಏನೂ ಇರಲಿಲ್ಲ. ರೊಟ್ಟಿ ಬಡಿಯುವ ಸಪ್ಪಳವೇ ಬೋರ್ಡು. ನಾನಾಗ ತೊರವಿಯ ಹೊರಗಿನ ಒಂದು ಸಂಸ್ಥೆಯ ಪ್ರಯೋಗಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದೆ. ಅದೇ ಓಣಿಯಲ್ಲಿ ಒಂದು ರೂಮು ಹಿಡಿದಿದ್ದೆ. ಸಂಜೆಯ ಊಟ ಅವ್ವನಲ್ಲಿ. ಉಳಿದವರು ಹೊರಗಿನ ಪಡಸಾಲೆಯಲ್ಲಿ ಸಾಲಾಗಿ ಕೂತು ಉಣ್ಣುತ್ತಿದ್ದರು. ನನ್ನನ್ನು ಮಾತ್ರ ಅವಳು ಒಲೆಯ ಮುಂದೆ ಕರೆದು ಕೂರಿಸಿಕೊಳ್ಳುತ್ತಿದ್ದಳು. ನಿಡೋಣಿಗೆ ಕೊಟ್ಟ ಮಗಳ ವಯಸ್ಸಿನವಳು ನಾನು ಎನ್ನುವುದು ಒಂದು ಕಾರಣ. ನಾನು ತಿನ್ನುವುದನ್ನು ಕಾವಲು ಕಾಯಬೇಕು ಎನ್ನುವುದು ಇನ್ನೊಂದು.

"ಎರಡ ರೊಟ್ಟಿ ತಿಂದು ಎದ್ದರ ನಿನ್ನ ಆ ಕಾಜಿನ ನಳಿಗಿ ಎತ್ತಾಕರ ಬಲಾ ಇರತೈತೇನ?" ಎಂದು ಮೂರನೆಯದನ್ನು ತಟ್ಟೆಗೆ ಎಸೆಯುತ್ತಿದ್ದಳು.

ಅವಳದು ದಿನವಿಡೀ ರೊಟ್ಟಿಯ ಕೆಲಸ. ಬೆಳಿಗ್ಗೆ ಬುತ್ತಿ ಒಯ್ಯುವವರಿಗೆ, ಮಧ್ಯಾಹ್ನ ಗ್ಯಾರೇಜಿನವರಿಗೆ, ಸಂಜೆ ನಮ್ಮಂಥ ರೂಮಿನವರಿಗೆ. ಹಿಟ್ಟಿನ ಮುಂದೆ ಕೂರುವ ಮೊದಲು ನಡು ಬಿಗಿದುಕೊಳ್ಳುವುದು ಅವಳ ಪದ್ಧತಿ. ಸೀರೆಯ ಒಳಗಿನ ಲಂಗಕ್ಕೆ ನಮ್ಮ ಕಡೆ ಪರಕಾರ ಎನ್ನುತ್ತಾರೆ. ಅದರ ಲಾಡಿಯನ್ನು ಉಸಿರು ಒಳಗೆಳೆದುಕೊಂಡು ಜಗ್ಗಿ ಗಂಟು ಹಾಕುತ್ತಿದ್ದಳು. ಅದರ ಮೇಲೆ ಸೀರೆಯ ಸುತ್ತು. ಆ ಸುತ್ತಿನೊಳಗೆ ಬೀಗದ ಕೈಗಳ ಗೊಂಚಲು, ಎಲೆ ಅಡಿಕೆಯ ಸಂಚಿ. ಮೊದಲ ಬಾಣಂತನದಲ್ಲಿ ಅವಳ ತಾಯಿ ಹೊಟ್ಟೆಗೆ ಬಟ್ಟೆ ಸುತ್ತಿ ಕಟ್ಟಿದ್ದಳಂತೆ. ಆವತ್ತಿನಿಂದ ನಡು ಸಡಿಲ ಬಿಟ್ಟವಳೇ ಅಲ್ಲ. "ನಡಾ ಸಡ್ಲ ಬಿಟ್ರ ರೊಟ್ಟಿ ಬಡ್ಯಾಕ ಬಲಾ ಎಲ್ಲಿಂದ ಬರಬೇಕು?" ಎನ್ನುತ್ತಿದ್ದಳು. ನಮ್ಮ ಕಡೆಯ ಹೆಂಗಸರು ಬಹಳ ಮಂದಿ ಈ ಮಾತು ನಂಬಿದವರು. ನನ್ನ ತಾಯಿಯೂ ನಂಬಿದ್ದಳು.

ನನ್ನ ಸಂಶೋಧನೆ ಏನೆಂದು ಒಂದು ಸಂಜೆ ಅವ್ವ ಕೇಳಿದಳು. ನಾನು ಉತ್ಸಾಹದಲ್ಲಿ ಒಂದು ಭಾಷಣವನ್ನೇ ಮಾಡಿದೆ. ಮೈಯಲ್ಲಿ ಎಲ್ಲಾದರೂ ಗಾಯವಾದರೆ ಅಲ್ಲಿ ಕಾವಲಿಗಿರುವ ಜೀವಕೋಶಗಳು ಸಣ್ಣ ಸಣ್ಣ ರಾಸಾಯನಿಕಗಳನ್ನು ಬಿಡುತ್ತವೆ. ಸೈಟೊಕೈನ್ ಎಂದು ಅವುಗಳ ಹೆಸರು. ಅವು ಒಂದು ರೀತಿಯ ಕರೆ. ಗಾಯವಾಗಿದೆ, ಬನ್ನಿ ಎಂದು ಒಂದು ಕರೆಯುತ್ತದೆ. ರಕ್ತ ಹೆಚ್ಚು ಹರಿಯಲಿ ಎಂದು ಇನ್ನೊಂದು. ಹೊಸ ಚರ್ಮ ಬೆಳೆಯಲಿ ಎಂದು ಮತ್ತೊಂದು. ಗಾಯ ಕೆಂಪಾಗುವುದು, ಬಿಸಿಯಾಗುವುದು, ಬಾಯುವುದು ಎಲ್ಲ ಈ ಕರೆಗಳ ಗದ್ದಲವೇ. ಅಲ್ಲಿಯವರೆಗೂ ರೊಟ್ಟಿ ತಿರುವುತ್ತಾ ಹೂಂಗುಟ್ಟುತ್ತಿದ್ದವಳು ಕೈ ನಿಲ್ಲಿಸಿ ಕೇಳಿದಳು:

"ಬರ್ರಿ ಬರ್ರಿ ಅಂತ ಕರಿಯವರು ಇಷ್ಟ ಮಂದಿ ಆದ್ರು. ಮತ್ತ ಸಾಕು ಅನ್ನವರು ಯಾರು?"

ಅದೇ ನನ್ನ ಇಡೀ ಸಂಶೋಧನೆಯ ಪ್ರಶ್ನೆ. ಗಾಯ ಮಾಯ್ದ ಮೇಲೆ ಸಾಕು ಎನ್ನುವ ಕರೆಗಳೂ ಇವೆ. ಆದರೆ ಮಾಯದ ಗಾಯದಲ್ಲಿ, ದಿನವೂ ಮತ್ತೆ ಮತ್ತೆ ಉಜ್ಜಿ ಕೆಂಡವಾಗುವ ಜಾಗದಲ್ಲಿ, ಬೆಳೆಯಿರಿ ಎನ್ನುವ ಕರೆ ವರ್ಷಗಟ್ಟಲೆ ನಿಲ್ಲುವುದಿಲ್ಲ. ಹಾಗೆ ಬೆಳೆಯುತ್ತಾ ಬೆಳೆಯುತ್ತಾ ಯಾವುದೋ ಒಂದು ಜೀವಕೋಶ ದಾರಿ ತಪ್ಪುತ್ತದೆ. ಆಮೇಲೆ ಅದು ಯಾರ ಕರೆಗೂ ಕಾಯುವುದಿಲ್ಲ. ಬೆಳೆಯಿರಿ ಎನ್ನುವ ಸಂದೇಶವನ್ನು ತಾನೇ ತಯಾರಿಸಿಕೊಳ್ಳುತ್ತದೆ. ಕಾವಲಿನವರು ಹತ್ತಿರ ಬಂದಾಗ, ಸಾಕು, ಸುಮ್ಮನಿರಿ ಎನ್ನುವ ಸಂದೇಶವನ್ನೂ ಅದೇ ಬಿಡುತ್ತದೆ. ಇಷ್ಟನ್ನೂ ಅವ್ವನಿಗೆ ಹೇಳಿದೆ. "ಅಯ್ಯ, ಭಾಳ ಶಾಣ್ಯಾ ಐತಿ ಬಿಡು ಅದು" ಎಂದು ನಕ್ಕಳು. ಅವಳ ಪ್ರಶ್ನೆಯನ್ನು ಮರುವಾರವೇ ನಮ್ಮ ವಿಭಾಗದ ಸಭೆಯಲ್ಲಿ ಹೇಳಿ ಎಲ್ಲರಿಂದ ಶಹಬ್ಬಾಸ್ ಅನ್ನಿಸಿಕೊಂಡೆ. ಖಾನಾವಳಿಯಲ್ಲಿ ಕೇಳಿದ್ದು ಎಂದು ಮಾತ್ರ ಹೇಳಲಿಲ್ಲ.

ಆ ಹೊತ್ತಿಗಾಗಲೇ ಅವ್ವ ನಡು ತುರಿಸಿಕೊಳ್ಳುತ್ತಿದ್ದಳು. ಲಟ್ಟಣಿಗೆಯ ತುದಿಯನ್ನೋ, ಸವಟನ್ನೋ ಸೀರೆಯ ಸುತ್ತಿನೊಳಗೆ ತೂರಿಸಿ ಎಡಗಡೆ ಉಜ್ಜಿಕೊಳ್ಳುತ್ತಿದ್ದುದು ನನ್ನ ಕಣ್ಣಿಗೆ ಬಿದ್ದಿತ್ತು.

"ಏನಾಗೈತ್ರಿ ಅವ್ವಾ ಅಲ್ಲಿ?"

"ಏನಿಲ್ಲ ಬೇ. ಲಾಡಿ ಕಟ್ಟೂ ಜಾಗಾ ಅದು, ಒಲಿ ಮುಂದ ಬೆವತು ತುರಸ್ತೈತಿ. ರಾತ್ರಿ ಮಲಗಗೊಡಂಗಿಲ್ಲ ನೋಡು."

ನಾನು ಮರುದಿನ ಔಷಧದ ಅಂಗಡಿಯಲ್ಲಿ ತುರಿಕೆಯ ಮುಲಾಮಿನ ಒಂದು ಟ್ಯೂಬು ಕೊಂಡುಬಂದೆ. ಎಲ್ಲರ ಮನೆಯ ಮೂಲೆಯಲ್ಲೂ ಅರ್ಧ ಹಿಂಡಿ ಮಡಚಿಟ್ಟ ಟ್ಯೂಬು ಇರುತ್ತದಲ್ಲ, ಅಂಥದ್ದು. ಅದರೊಳಗೆ ಸ್ಟೆರಾಯ್ಡ್ ಇರುತ್ತದೆ ಎಂದು ನನಗೆ ಗೊತ್ತಿತ್ತು. ಗಾಯದ ಕರೆಗಳನ್ನೆಲ್ಲ ಅದು ಬಾಯಿ ಮುಚ್ಚಿಸುತ್ತದೆ ಎಂದೂ ಗೊತ್ತಿತ್ತು. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳ ಮೇಲೆ ಅದೇ ಜಾತಿಯ ರಾಸಾಯನಿಕ ಹಾಕಿ, ಕರೆಗಳು ಎಷ್ಟು ಕಡಿಮೆಯಾದವು ಎಂದು ಅಳೆಯುವುದು ನನ್ನ ದಿನದ ಕೆಲಸಗಳಲ್ಲಿ ಒಂದಾಗಿತ್ತು. ಇಷ್ಟೆಲ್ಲ ಗೊತ್ತಿದ್ದ ಮಹಾ ವಿದ್ಯಾವಂತೆ ನಾನು, ಒಂದೇ ಒಂದು ಸಲ "ತೋರಸ್ರಿ" ಎನ್ನಲಿಲ್ಲ.

ನಾಲ್ಕೇ ದಿನದಲ್ಲಿ ಅವ್ವನ ತುರಿಕೆ ಇಳಿಯಿತು. ನಿದ್ದೆ ಬಂತು. ಊಟಕ್ಕೆ ಬಂದವರಿಗೆಲ್ಲ ನನ್ನನ್ನು ತೋರಿಸಿ, "ಇಕಿ ನಮ್ಮ ಡಾಕ್ಟರು. ದವಾಖಾನಿ ಗಿವಾಖಾನಿ ಏನೂ ಬ್ಯಾಡ ನನಗ" ಎಂದು ಹೇಳಿದಳು. ನನಗೂ ಹೆಮ್ಮೆಯಾಯಿತು ಎಂದು ಒಪ್ಪಿಕೊಳ್ಳಲೇಬೇಕು. ಟ್ಯೂಬು ಮುಗಿದಾಗ ಇನ್ನೊಂದು ತಂದೆ. ಆಮೇಲೆ ಕೇಳುವ ಮೊದಲೇ ತರುತ್ತಿದ್ದೆ. ನಡುನಡುವೆ "ಲಾಡಿ ಸ್ವಲ್ಪ ಸಡ್ಲ ಕಟ್ರಿ ಅವ್ವಾ" ಎಂದಿದ್ದುಂಟು. ಅವಳು ಹೂಂ ಎನ್ನುತ್ತಿದ್ದಳು. ಮಾಡುತ್ತಿದ್ದುದೇ ಬೇರೆ. ಗಾಯಕ್ಕೆ ಮುಲಾಮು ಸವರಿ, ಅದರ ಮೇಲೆ ಹಳೇ ಸೀರೆಯ ಚೂರನ್ನು ನಾಲ್ಕು ಮಡಿಕೆ ಮಾಡಿ ಇಟ್ಟು, ಆ ಅರಿವೆ ಜಾರದಂತೆ ಲಾಡಿಯನ್ನು ಇನ್ನೂ ಬಿಗಿದು ಕಟ್ಟುತ್ತಿದ್ದಳು. ಇದು ನನಗೆ ತಿಳಿದದ್ದು ಎಲ್ಲ ಮುಗಿಯುತ್ತಾ ಬಂದಾಗ.

ಹೀಗೆ ಎರಡು ವರ್ಷ.

ಎರಡು ವರ್ಷ ಎಂದು ಬರೆಯುವಾಗ ಕೈ ತಡೆಯುತ್ತದೆ. ಆ ಎರಡು ವರ್ಷದಲ್ಲಿ ನಾನು ಮಾಯದ ಗಾಯಗಳ ಬಗ್ಗೆ ಒಂದು ಅಧ್ಯಾಯ ಬರೆದು ಮುಗಿಸಿದೆ. ಕಾಲಿನ ಹಳೇ ಹುಣ್ಣು, ಸುಟ್ಟ ಕಲೆ, ತಂಬಾಕು ಒತ್ತಿಟ್ಟ ದವಡೆ, ಎಲ್ಲ ಬಂತು ಅದರಲ್ಲಿ. ಸೀರೆ ಉಡುವವರ ನಡುವಿನಲ್ಲೂ, ಧೋತರ ಉಡುವವರ ನಡುವಿನಲ್ಲೂ ಲಾಡಿಯ, ಗಂಟಿನ ಉಜ್ಜಾಟದಿಂದ ಕ್ಯಾನ್ಸರ್ ಹುಟ್ಟಬಹುದು ಎಂಬುದನ್ನು ಎಲ್ಲೋ ಓದಿದ್ದೆ. ಅದನ್ನೂ ಒಂದು ಸಾಲಿನಲ್ಲಿ ಸೇರಿಸಿದೆ. ಆ ಸಾಲು ಬರೆದು ಎದ್ದು ಹೋಗಿ ಅವ್ವನ ಒಲೆಯ ಮುಂದೆ ಕುಳಿತು ಮೂರು ರೊಟ್ಟಿ ತಿಂದೆ. ನನ್ನ ತಲೆಯಲ್ಲಿ ಆ ಸಾಲು ಒಂದು ಕಡೆ ಇತ್ತು, ಅವ್ವ ಇನ್ನೊಂದು ಕಡೆ ಇದ್ದಳು. ಯಾಕೆ ಎರಡೂ ಸೇರಲಿಲ್ಲ? ನಾಚಿಕೆ ಎಂದು ಹೇಳಬಹುದು. ತಾಯಿಯ ವಯಸ್ಸಿನವಳಿಗೆ ಸೀರೆ ಸಡಿಲಿಸು ಎಂದು ಹೇಗೆ ಹೇಳುವುದು... ಅಲ್ಲ, ಅದು ನೆಪ. ಟ್ಯೂಬು ತಂದುಕೊಡುವುದು ಸುಲಭವಿತ್ತು, ನೋಡುವುದು ಕಷ್ಟವಿತ್ತು. ನಾನು ಸುಲಭದ್ದನ್ನು ಮಾಡಿದೆ.

ಗಾಯ ನೋಡಿದ್ದು ಅವಳ ಮಗಳು. ಪಂಚಮಿಗೆ ತವರಿಗೆ ಬಂದವಳು ಬಟ್ಟೆ ಒಗೆಯಲು ಕೂತಾಗ ಪರಕಾರದ ನಡುಪಟ್ಟಿಯಲ್ಲಿ ರಕ್ತ, ಕೀವು ಒಣಗಿ ಗಟ್ಟಿಯಾಗಿದ್ದು ಕೈಗೆ ಸಿಕ್ಕಿತು. ಅವಳು ಒದ್ದೆ ಕೈಯಲ್ಲೇ ನನ್ನ ರೂಮಿಗೆ ಓಡಿಬಂದಳು. ಹೋಗಿ ನೋಡಿದೆ. ಅವ್ವ ಗೋಡೆಗೆ ಮುಖ ಮಾಡಿ ನಿಂತು, ಸೀರೆ ಸಡಿಲಿಸಿ, "ನೋಡು, ಅದೇನ್ ನೋಡತಿ ನೋಡು" ಎಂದಳು. ನಡುವಿನ ಸುತ್ತ ಹೆಬ್ಬೆರಳಗಲದ ಕರಿ ಗೆರೆ. ಎಡಗಡೆ, ಗಂಟು ಬೀಳುವಲ್ಲಿ, ಅಂಚು ದಪ್ಪಗೆ ಎದ್ದು ಮಗುಚಿದ, ಅಂಗೈಯಷ್ಟು ಅಗಲದ ಹುಣ್ಣು. ನನಗೆ ಪರೀಕ್ಷೆ, ವರದಿ ಏನೂ ಬೇಕಾಗಲಿಲ್ಲ.

ಆಸ್ಪತ್ರೆಗೆ ಮೂವರೂ ಹೋದೆವು. ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿದ ವೈದ್ಯರು ವಯಸ್ಸಾದವರು, ಮೆತ್ತಗೆ ಮಾತಾಡುವವರು. ಎಷ್ಟು ದಿನದಿಂದ ಇದೆ, ಏನು ಹಚ್ಚುತ್ತಿದ್ದಿರಿ ಎಂದು ಕೇಳಿದರು. ಅವ್ವ ಮಡಚಿದ ಟ್ಯೂಬನ್ನು ಸಂಚಿಯಿಂದ ತೆಗೆದು ತೋರಿಸಿದಳು. ಅವರು ಅದನ್ನು ಬಿಡಿಸಿ ಓದಿ, ತಲೆ ಅಲ್ಲಾಡಿಸಿ, "ಯಾರ್ ಕೊಟ್ರವ್ವಾ ಇದನ್ನ ನಿನಗ?" ಎಂದರು.

ನಾನು ಅವ್ವನ ಪಕ್ಕದಲ್ಲೇ ನಿಂತಿದ್ದೆ. ಬಾಯಿ ತೆರೆಯಬೇಕಿತ್ತು.

"ಅಂಗಡ್ಯಾಗ ಕೇಳಿ ತಗೊಂಡೇನ್ರಿ ಯಪ್ಪಾ" ಎಂದಳು ಅವ್ವ. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ವರದಿ ಬಂದ ದಿನ ವೈದ್ಯರು ನನ್ನೊಬ್ಬಳನ್ನೇ ಒಳಗೆ ಕರೆದು, ಹುಣ್ಣನ್ನು ತಂದದ್ದು ಮುಲಾಮಲ್ಲ, ವರ್ಷಾನುಗಟ್ಟಲೆ ಉಜ್ಜಿದ ಲಾಡಿ ಎಂದು ಬಿಡಿಸಿ ಹೇಳಿದರು. ಮುಲಾಮು ತುರಿಕೆ, ಉರಿಯನ್ನು ಮುಚ್ಚಿಹಾಕಿತು, ಅಷ್ಟೇ. ಉರಿ ಇದ್ದಿದ್ದರೆ ಎರಡು ವರ್ಷ ಮೊದಲೇ ಬಂದಿರುತ್ತಿದ್ದಳು, ಒಂದು ಸಣ್ಣ ಕತ್ತರಿ ಕೆಲಸದಲ್ಲಿ ಮುಗಿಯುತ್ತಿತ್ತು ಎಂದರು. ಅಷ್ಟೇ ಎನ್ನುವ ಆ ಮಾತು ಕೇಳಿ ನಾನು ಹೊರಗೆ ಬಂದುಬಿಟ್ಟೆ. ರೋಗ ಆಗಲೇ ತೊಡೆಯ ಸಂದಿನ ಗ್ರಂಥಿಗಳಿಗೆ ಇಳಿದಿತ್ತು.

ಶಸ್ತ್ರಚಿಕಿತ್ಸೆಯಾಯಿತು. ಖಾನಾವಳಿಗೆ ಬೀಗ ಬಿತ್ತು. ಮಗಳು ಅವ್ವನನ್ನು ನಿಡೋಣಿಗೆ ಕರೆದುಕೊಂಡು ಹೋದಳು. ನಾನು ಅಲ್ಲಿಗೆ ಒಮ್ಮೆ ಹೋಗಿದ್ದೆ. ಅವ್ವ ಹಗ್ಗದ ಮಂಚದ ಮೇಲೆ ಸಡಿಲ ನೈಟಿ ತೊಟ್ಟು ಮಲಗಿದ್ದಳು. ಅವಳನ್ನು ಸೀರೆ ಇಲ್ಲದೆ ನೋಡಿದ್ದು ಅದೇ ಮೊದಲು. ನನ್ನ ಕೈ ಹಿಡಿದುಕೊಂಡು ಕೇಳಿದಳು, "ಸಾಕು ಅನ್ನೂ ಔಷಧಾ ಇನ್ನೂ ಸಿಕ್ಕಿಲ್ಲೇನ್ ಯವ್ವಾ ನಿನಗ?" ಸಿಕ್ಕಿಲ್ಲ ಎಂದೆ. "ಇರಲಿ, ಹುಡುಕು. ಹೊಟ್ಟಿ ತುಂಬ ಉಣ್ಣು" ಎಂದಳು. ಟ್ಯೂಬಿನ ಮಾತನ್ನು ಆಗಲಾದರೂ ಎತ್ತಬಹುದಿತ್ತು... ಎತ್ತಲಿಲ್ಲ. ಮತ್ತೆ ಹೋಗುತ್ತೇನೆ, ಮುಂದಿನ ವಾರ ಹೋಗುತ್ತೇನೆ ಎನ್ನುವಷ್ಟರಲ್ಲಿ ಅವಳು ಹೋಗಿಬಿಟ್ಟಳು. ಮಣ್ಣಿಗೂ ನಾನು ಹೋಗಲಿಲ್ಲ. ಪ್ರಯೋಗ ಅರ್ಧಕ್ಕೆ ಬಿಡುವಂತಿರಲಿಲ್ಲ ಎಂದು ಹೇಳಿ ಕಳಿಸಿದೆ.

ಅವಳು ಯಾಕೆ ವೈದ್ಯರ ಮುಂದೆ ಸುಳ್ಳು ಹೇಳಿದಳು? ನನ್ನನ್ನು ಉಳಿಸಲೇ? ನಾನು ಕೊಟ್ಟದ್ದು ತಪ್ಪು ಎಂದು ಅವಳಿಗೆ ಆ ಕ್ಷಣದಲ್ಲಿ ತಿಳಿದಿತ್ತೇ? ಈ ಪ್ರಶ್ನೆ ನನ್ನನ್ನು ಪಾಠ ಮಾಡುವಾಗ, ಪತ್ರಿಕೆ ತಿದ್ದುವಾಗ, ತರಕಾರಿ ಆರಿಸುವಾಗ ಬಂದು ಹಿಡಿಯುತ್ತದೆ. ಈಗ ನಾನೇ ಮಕ್ಕಳಿಗೆ ಈ ವಿಷಯ ಕಲಿಸುತ್ತೇನೆ. ಕಪ್ಪು ಹಲಗೆಯ ಮೇಲೆ ಗಾಯದ ಚಿತ್ರ ಬರೆದು ಬಾಣದ ಗುರುತು ಹಾಕುತ್ತಾ ಹೋಗಿ ನಡುವೆ ನಿಂತುಬಿಡುತ್ತೇನೆ. ಮಕ್ಕಳು ಮುಖ ಮುಖ ನೋಡಿಕೊಳ್ಳುತ್ತಾರೆ.

ಟಿಕೋಟಾದಿಂದ ಬಂದ ಮೇಲೆ ಒಂದು ವಾರ ನೆಟ್ಟಗೆ ಊಟ ಸೇರಲಿಲ್ಲ. ಭಾನುವಾರ ಬೆಳಿಗ್ಗೆ ಬಬಲೇಶ್ವರದ ಬಸ್ಸು ಹತ್ತಿ, ಅಲ್ಲಿಂದ ಟಂಟಂ ಆಟೊ ಹಿಡಿದು ನಿಡೋಣಿಗೆ ಹೋದೆ. ಮಗಳಿಗೆ ಎಲ್ಲವನ್ನೂ ಹೇಳಿಬಿಡಬೇಕು, ಬೈದರೆ ಬೈಸಿಕೊಳ್ಳಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿದೆ. ಅವಳು ಅಂಗಳದಲ್ಲಿ ಮೇವು ಕತ್ತರಿಸುತ್ತಿದ್ದಳು. ನನ್ನನ್ನು ಕಂಡವಳೇ ಕುಡುಗೋಲು ಬಿಟ್ಟು ಬಂದು ಅಪ್ಪಿಕೊಂಡಳು. ಅವ್ವನ ಹಾಗೇ ಆಗಿದ್ದಳು. ಅದೇ ದನಿ, ಅದೇ ಬಿಗಿದ ನಡು.

ಚಹಾ ಕುಡಿದೆವು. ನಾನು ಕಪ್ಪು ಕೆಳಗಿಟ್ಟು ಹೇಳಿದೆ. "ಅವ್ವಗ ಆ ಮುಲಾಮು ತಂದುಕೊಟ್ಟಾಕಿ ನಾನ್ರಿ. ಅಂಗಡಿಯವರಲ್ಲ."

"ಗೊತ್ತೈತ್ರಿ" ಎಂದಳು ಅವಳು. "ಅವ್ವ ಎಲ್ಲಾ ಹೇಳ್ಯಾಳ. ಎರಡ ವರ್ಷ ನಿದ್ದಿ ಮಾಡಿದ್ದು ನಿಮ್ಮಿಂದ ಅಂತಿದ್ಲು. ಸಾಯೂ ತನಕ ನಿಮ್ಮನ್ನ ನೆನಸ್ಯಾಳ್ರಿ."

ಆ ಮಾತು ಬೈಗುಳಕ್ಕಿಂತ ಕೆಟ್ಟದಾಗಿ ನನಗೆ ತಾಗಿತು. ಅವಳಿಗೆ ಏನೂ ಅರ್ಥವಾಗಿರಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಅವಳು ಒಳಗೆ ಹೋಗಿ ಒಂದು ಪೆನ್ನು, ನೋಟ್‌ಬುಕ್ಕಿನ ಹಾಳೆ ತಂದು ನನ್ನ ಮುಂದೆ ಹಿಡಿದಳು.

"ಛಲೋ ಆತು ಬಂದ್ರಿ. ಆ ಮುಲಾಮಿನ ಹೆಸರು ಇದರಾಗ ಬರದು ಕೊಡ್ರಿ. ನನಗೂ ಅಲ್ಲೇ ತುರಸಾಕತ್ತೈತಿ."

ನಾನು ಹಾಳೆ ಕೆಳಗಿಟ್ಟು ಎದ್ದು ಹೋಗಿ ಬಾಗಿಲಿನ ಚಿಲಕ ಹಾಕಿದೆ.

"ತೋರಸ್ರಿ."

"ಅಯ್ಯ, ಬಿಡ್ರಿ. ಅಲ್ಲೇನ್ ನೋಡ್ತೀರಿ?" ಎಂದು ನಾಚಿ ನಕ್ಕಳು.

"ತೋರಸೂ ತನಕ ನಾ ಹೋಗಂಗಿಲ್ಲ."

ನನ್ನ ದನಿ ಹೇಗಿತ್ತೋ, ಅವಳ ನಗು ನಿಂತಿತು. ಗೋಡೆಗೆ ಮುಖ ಮಾಡಿ ಗಂಟು ಬಿಚ್ಚಿದಳು. ಬಿಗಿದ ಗಂಟು, ಬಿಚ್ಚಲು ಹೊತ್ತು ಹಿಡಿಯಿತು. ಕಿಟಕಿಯ ಬೆಳಕಿಗೆ ಅವಳನ್ನು ತಿರುಗಿಸಿ ನಿಲ್ಲಿಸಿ ಬಗ್ಗಿ ನೋಡಿದೆ. ಕರಿ ಗೆರೆ ಇತ್ತು. ಅದರ ಮೇಲೆ ಒಂದು ಕಡೆ ಚರ್ಮ ಸೀಳಿ ಹಸಿಯಾಗಿತ್ತು, ಜೋಳದ ಕಾಳಿನಷ್ಟು. ಅಂಚು ಇನ್ನೂ ಎದ್ದಿರಲಿಲ್ಲ. ನಾಳೆಯೇ ನನ್ನ ಜೊತೆ ದವಾಖಾನೆಗೆ ಬರಬೇಕು, ಲಾಡಿ ಇವತ್ತಿನಿಂದಲೇ ಬೇಡ, ಏನನ್ನೂ ಹಚ್ಚಬಾರದು ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ಅವಳು ಆಗಲಿ ಎಂದು ತಲೆಯಾಡಿಸಿ, ತಿರುಗಿ ನನ್ನ ಮುಖ ನೋಡಿ ಗಾಬರಿಯಾದಳು.

"ಯಾಕ್ರಿ, ಇಷ್ಟ ಸಣ್ಣದಕ್ಕ ನೀವ್ಯಾಕ ಅಳಾಕತ್ತೀರಿ?"

ಮೊದಲ ಟ್ಯೂಬು ತಂದುಕೊಟ್ಟ ಸಂಜೆ ಅವ್ವನದೂ ಇಷ್ಟೇ ಇದ್ದಿರಬೇಕು.